ಮೂರರಿಂದ ಒಂದಕ್ಕೆ

ಹಲವು ವಿದ್ಯೆಗಳನ್ನು ಬಲ್ಲವನನ್ನು ಲೋಕ ಬೇಗನೆ ಮೆಚ್ಚುತ್ತದೆ. ಒಂದೇ ವಿದ್ಯೆಯಲ್ಲಿ ಮುಳುಗಿದವನಿಗೆ ಆ ಮೆಚ್ಚುಗೆ ದೊರೆಯುವುದು ಸ್ವಲ್ಪ ತಡವಾಗಿ. ಹತ್ತು ಕೆಲಸಗಳಲ್ಲಿ ಕೈಯಾಡಿಸಿದ ತರುಣನೊಬ್ಬ ಒಂಬತ್ತನ್ನು ಬಿಟ್ಟು ಒಂದನ್ನು ಹಿಡಿದರೆ, 'ಪಾಪ, ಉಳಿದವು ಅವನಿಗೆ ಒಗ್ಗಲಿಲ್ಲ' ಎಂದು ಮರುಗುವವರೇ ಹೆಚ್ಚು. ಆಟದ ಬಯಲಿನಲ್ಲಿಯೂ ಇಂತಹ ಮಾತು ಕೇಳಿಬರುವುದುಂಟು. ಈಜು, ಸೈಕಲ್ ಸವಾರಿ, ಓಟ ಎಂಬ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಹಿಂದೊಂದರಂತೆ ಮುಗಿಸಬೇಕಾದ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. ಅದರಲ್ಲಿ ಪಳಗಿದ ಕೆಲವರು ಈಜನ್ನೂ ಓಟವನ್ನೂ ಬದಿಗಿರಿಸಿ, ಸೈಕಲ್ ಪಂದ್ಯವೊಂದನ್ನೇ ನೆಚ್ಚಿ ಬರುತ್ತಾರೆ. ಅವರು ದೊಡ್ಡದನ್ನು ಬಿಟ್ಟು ಚಿಕ್ಕದಕ್ಕೆ ಇಳಿದರೆ? ಮೂರರಲ್ಲಿ ಎರಡನ್ನು ಕಳೆದರೆ ಒಂದು ಉಳಿಯುತ್ತದೆಂಬುದು ಅಂಕಗಣಿತದ ಮಾತು. ಕ್ರೀಡೆಯ ಲೆಕ್ಕ ಅಷ್ಟು ಸರಳವಾದುದಲ್ಲ.

ಈ ಪ್ರಶ್ನೆ ದೂರದ ದೇಶಗಳಿಗೆ ಸೇರಿದುದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳ ಮಕ್ಕಳಿಗೆ ಅದು ತೀರ ಹತ್ತಿರದ ಪ್ರಶ್ನೆ. ಈ ಸೀಮೆಯಲ್ಲಿ ಕೃಷ್ಣೆ ಹರಿಯುತ್ತಾಳೆ. ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆ ಬಂದು ಅವಳನ್ನು ಸೇರುತ್ತಾಳೆ. ಹೊಳೆಯ ದಂಡೆಯ ಹುಡುಗ ಸೋರೆಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಬಾವಿಯಲ್ಲಿಯೋ ಮಡುವಿನಲ್ಲಿಯೋ ಈಜು ಕಲಿಯುತ್ತಾನೆ. ತೋಟದ ಮನೆಯಿಂದ ಊರ ಶಾಲೆಗೆ ಸೈಕಲ್ ತುಳಿಯುತ್ತಾನೆ. ಸೈನ್ಯದ ಭರ್ತಿಗೆ ಅಣಿಯಾಗುವ ಅಣ್ಣಂದಿರು ನಸುಕಿನಲ್ಲಿ ಓಡುವಾಗ ತಾನೂ ಅವರ ಬೆನ್ನ ಹಿಂದೆ ಓಡುತ್ತಾನೆ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಬೆಳಗಾವಿಯಲ್ಲಿಯೇ ಇರುವುದರಿಂದ ಈ ಓಟದ ರೂಢಿ ಈ ಭಾಗದಲ್ಲಿ ಬೇರೂರಿದೆ. ಹೀಗೆ ಟ್ರಯಥ್ಲಾನ್ ಎಂಬ ಹೆಸರನ್ನೇ ಕೇಳದ ಬಾಲಕನೊಬ್ಬ ಅದರ ಮೂರು ಅಂಗಗಳನ್ನೂ ಬಾಳಿನಿಂದಲೇ ಕಲಿತಿರುತ್ತಾನೆ. ಮುಂದೆ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ಅವನಿಗೆ ದಾರಿ ತೋರುವವರು ಮಾತ್ರ ವಿರಳ.

ಟ್ರಯಥ್ಲಾನ್ ಬಹಳ ಹಳೆಯ ಕ್ರೀಡೆಯೇನೂ ಅಲ್ಲ. ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ 1974ರಲ್ಲಿ ಓಟಗಾರರ ಸಂಘವೊಂದು ಈ ಹೆಸರಿನ ಸ್ಪರ್ಧೆಯನ್ನು ನಡೆಸಿತು. ಅದಕ್ಕೆ ಜಗತ್ಪ್ರಸಿದ್ಧಿ ಬಂದುದು ಹವಾಯಿ ದ್ವೀಪದ ಒಂದು ವಾದದಿಂದ. ಓಟಗಾರ, ಈಜುಗಾರ ಇವರಲ್ಲಿ ಯಾರ ದೇಹ ಹೆಚ್ಚು ಗಟ್ಟಿಯಾದುದು ಎಂದು 1977ರಲ್ಲಿ ಅಲ್ಲಿ ಚರ್ಚೆ ನಡೆಯುತ್ತಿದ್ದಾಗ, ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮೂರನೆಯದೊಂದು ಹೆಸರನ್ನು ಮುಂದಿಟ್ಟರು. ಅದು ಬೆಲ್ಜಿಯಂ ದೇಶದ ಸೈಕಲ್ ಪಟು ಎಡ್ಡಿ ಮರ್ಕ್ಸ್ ಅವರದು. ಉಸಿರಿನ ಮೂಲಕ ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿ ಆತನಲ್ಲಿ ಉಳಿದೆಲ್ಲರಿಗಿಂತ ಮಿಗಿಲೆಂದು ಅವರು ಓದಿದ್ದರಂತೆ. ವಾದವನ್ನು ಬಾಯಿಂದ ತೀರಿಸುವ ಬದಲು ಮೈಯಿಂದ ತೀರಿಸೋಣವೆಂದು 1978ರ ಫೆಬ್ರುವರಿಯಲ್ಲಿ ಸ್ಪರ್ಧೆ ಏರ್ಪಟ್ಟಿತು. ಸುಮಾರು 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್ ಸವಾರಿ, 42 ಕಿಲೋಮೀಟರಿಗೂ ಮಿಗಿಲಾದ ಮ್ಯಾರಥಾನ್ ಓಟ! ಹೊರಟವರು 15 ಮಂದಿ. ಮುಗಿಸಿದವರು 12 ಮಂದಿ. ಮೊದಲಿಗನಾದ ಗಾರ್ಡನ್ ಹಾಲರ್ ತೆಗೆದುಕೊಂಡ ಕಾಲ 11 ತಾಸು 46 ನಿಮಿಷಕ್ಕಿಂತ ತುಸು ಹೆಚ್ಚು. ಮುಂದೆ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಸ್ಥಾನ ಪಡೆಯಿತು. ಅಲ್ಲಿ ಅದರ ಅಳತೆ ಚಿಕ್ಕದು: ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸವಾರಿ, 10 ಕಿಲೋಮೀಟರ್ ಓಟ.

ಈ ತ್ರಿವಿಧ ಸ್ಪರ್ಧೆಯ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. ಈಜು ತೋಳು ಬೆನ್ನುಗಳನ್ನು ಬಲಪಡಿಸುತ್ತದೆ. ಸವಾರಿ ತೊಡೆಗಳನ್ನು ಗಟ್ಟಿಗೊಳಿಸುತ್ತದೆ. ಓಟ ಎಲುಬುಗಳಿಗೆ ದೃಢತೆಯನ್ನು ಕೊಡುತ್ತದೆ. ಎಲ್ಲಕ್ಕೂ ಮಿಗಿಲಾಗಿ ತನ್ನ ಶಕ್ತಿಯನ್ನು ಮಿತವಾಗಿ ವೆಚ್ಚ ಮಾಡುವ ವಿವೇಕವನ್ನು ಅದು ಕಲಿಸುತ್ತದೆ. ಸೈಕಲ್ಲಿನ ಮೇಲೆ ಹುರುಪಿನಿಂದ ಎಲ್ಲವನ್ನೂ ಸುರಿದವನಿಗೆ ಓಟದಲ್ಲಿ ಕಾಲೇಳುವುದಿಲ್ಲ. ವರ್ಷದ ಬೆಳೆಯನ್ನು ಮೂರು ಕಣಜಗಳಲ್ಲಿ ಹಂಚಿಟ್ಟು ಬಳಸುವ ಒಕ್ಕಲಿಗನ ಜಾಣತನ ಅದಕ್ಕೆ ಬೇಕು. ಬೆಳೆಯುವ ವಯಸ್ಸಿನಲ್ಲಿ ಮಕ್ಕಳು ಮೂರನ್ನೂ ಮಾಡುವುದೇ ಲೇಸು. ಹತ್ತು ಹನ್ನೊಂದರ ಹರೆಯದಲ್ಲಿಯೇ ಒಂದು ಆಟಕ್ಕೆ ಕಟ್ಟಿಹಾಕಿದ ಮಗುವಿನ ಮೈ ಒಂದೇ ಕಡೆಗೆ ವಾಲಿದ ಬಳ್ಳಿಯಂತಾಗುತ್ತದೆ. ಮನಸ್ಸೂ ಬೇಗ ಬೇಸರಗೊಳ್ಳುತ್ತದೆ. ವಿಶ್ವಮಟ್ಟದ ಸೈಕಲ್ ಸ್ಪರ್ಧೆಗಳಲ್ಲಿ ಕಿರಿಯರ ವರ್ಗವೆಂಬುದು 17, 18ರ ವಯಸ್ಸಿನವರಿಗೆ ಮೀಸಲಾಗಿದೆ. ಆದುದರಿಂದ ಅವಸರಕ್ಕೆ ಕಾರಣವಿಲ್ಲ. ಮೊದಲು ಮೂರು, ಅನಂತರ ಒಂದು ಎಂಬುದೇ ಸರಿಯಾದ ಕ್ರಮ.

ಹಾಗಾದರೆ ಮೂರನ್ನು ಬಲ್ಲವರು ಒಂದಕ್ಕೆ ಬರುವುದಾದರೂ ಏಕೆ? ಕೆಲವರನ್ನು ಗಾಯ ಕರೆತರುತ್ತದೆ. ಕೆಲವರನ್ನು ಒಲವು ಕರೆತರುತ್ತದೆ. ಅಮೆರಿಕದ ಕ್ರಿಸ್ಟಿನ್ ಆರ್ಮ್‌ಸ್ಟ್ರಾಂಗ್ ಎಂಬ ಮಹಿಳೆಯ ಬಾಳು ಇದಕ್ಕೆ ಉಜ್ವಲವಾದ ನಿದರ್ಶನ. ಟ್ರಯಥ್ಲಾನ್ ಪಟುವಾಗಿದ್ದ ಆಕೆಯ ಎರಡೂ ಸೊಂಟದ ಕೀಲುಗಳಲ್ಲಿ ಸವೆತದ ರೋಗವಿರುವುದನ್ನು 2001ರಲ್ಲಿ ವೈದ್ಯರು ಕಂಡುಹಿಡಿದರು. ಓಟವನ್ನು ನೆಚ್ಚಿದವರಿಗೆ ಇದಕ್ಕಿಂತ ಕಠೋರವಾದ ಮಾತು ಇನ್ನೇನಿರಲು ಸಾಧ್ಯ? ಆಕೆ ಸೈಕಲ್ಲನ್ನು ಬಿಡಲಿಲ್ಲ. ಒಬ್ಬೊಬ್ಬರಾಗಿ ಹೊರಟು ಗಡಿಯಾರದೊಡನೆ ಸೆಣಸುವ ಟೈಮ್ ಟ್ರಯಲ್ ಪಂದ್ಯದಲ್ಲಿ ಆಕೆ 2008ರಲ್ಲಿ ಬೀಜಿಂಗಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. 2010ರಲ್ಲಿ ತಾಯಿಯಾದರು, 2012ರಲ್ಲಿ ಲಂಡನ್ನಿಗೆ ಕೆಲವೇ ವಾರಗಳ ಮುನ್ನ ಬಿದ್ದು ಕೊರಳೆಲುಬು ಮುರಿದುಕೊಂಡರೂ ಮತ್ತೆ ಚಿನ್ನ ಗೆದ್ದರು. 2016ರ ಆಗಸ್ಟ್ 10ರಂದು ರಿಯೊ ನಗರದಲ್ಲಿ, ತಮ್ಮ 43ನೆಯ ಹುಟ್ಟುಹಬ್ಬದ ಹಿಂದಿನ ದಿನ, ಮೂರನೆಯ ಚಿನ್ನವನ್ನು ಪಡೆದರು. ಒಂದು ಬಾಗಿಲು ಮುಚ್ಚಿದುದರಿಂದ ಆಕೆಯ ಮನೆ ಕಿರಿದಾಗಲಿಲ್ಲ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಟ್ರಯಥ್ಲಾನ್‌ನಿಂದ ಬಂದವರಿಗೆ ಟೈಮ್ ಟ್ರಯಲ್ ಸಹಜವಾದ ಹೆಬ್ಬಾಗಿಲು. ಎರಡರಲ್ಲಿಯೂ ಸವಾರ ಒಂಟಿ. ಎರಡರಲ್ಲಿಯೂ ಒಂದೇ ಸಮನಾದ ಬಲ, ಒಂದೇ ಸಮನಾದ ಉಸಿರು ಬೇಕು. ಆದರೆ ಆ ಬಾಗಿಲನ್ನು ದಾಟಿ ಒಳಗೆ ಹೋದರೆ ಕಾಣುವ ಮನೆ ಬೇರೆಯದೇ ಆದುದು. ನೂರಾರು ಸವಾರರು ಒಟ್ಟಿಗೆ ಹೊರಟು, ಗುಂಪಾಗಿ ಸಾಗಿ, ಮೊದಲು ಗೆರೆ ಮುಟ್ಟಿದವರನ್ನು ವಿಜಯಿಯೆಂದು ಸಾರುವ ರಸ್ತೆ ಪಂದ್ಯವೇ ಆ ಮನೆ. ಟ್ರಯಥ್ಲಾನ್‌ನ ಒಂದು ತುಂಡನ್ನು ಕತ್ತರಿಸಿ ತೆಗೆದರೆ ರಸ್ತೆ ಪಂದ್ಯ ಆಗುವುದಿಲ್ಲ. ಈ ಭೇದವನ್ನು ತಿಳಿಯದವರೇ 'ಮೂರನ್ನು ಬಿಟ್ಟು ಒಂದಕ್ಕೆ ಇಳಿದ' ಎಂದು ಹಗುರವಾಗಿ ನುಡಿಯುವವರು.

ಈ ಭೇದಕ್ಕೆ ಮೂಲ ಗಾಳಿ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಸಾಗುವ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದರಲ್ಲಿಯೇ ವ್ಯಯವಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಗೆಲ್ಲಲು ಬೇಕಾಗುವ ಶಕ್ತಿಯ ದರ ಎಂಟು ಪಟ್ಟಾಗುತ್ತದೆ. ಮುಂಗಾರಿನ ದಿನಗಳಲ್ಲಿ ಪಡುವಣ ಗಾಳಿಗೆ ಎದುರಾಗಿ ಅಥಣಿಯಿಂದ ಕಾಗವಾಡದ ಕಡೆಗೆ ಸೈಕಲ್ ತುಳಿದವರಿಗೆ ಈ ಭೌತಶಾಸ್ತ್ರವನ್ನು ಪುಸ್ತಕ ತೆರೆದು ಕಲಿಸಬೇಕಾಗಿಲ್ಲ. ಆದರೆ ಮುಂದಿನ ಸವಾರನ ಚಕ್ರಕ್ಕೆ ಒಂದೆರಡು ಗೇಣು ಅಂತರದಲ್ಲಿ ತನ್ನ ಚಕ್ರವನ್ನು ಇಟ್ಟು ಸಾಗಿದವನು, ಅದೇ ವೇಗದಲ್ಲಿ ಸಾಗುತ್ತಲೇ ತನ್ನ ಶ್ರಮದ ಸುಮಾರು ಮೂರನೆಯ ಒಂದು ಪಾಲನ್ನು ಉಳಿಸಬಲ್ಲ. ದೂರದ ಟ್ರಯಥ್ಲಾನ್‌ಗಳಲ್ಲಿ ಹೀಗೆ ಮರೆಯಲ್ಲಿ ಸಾಗುವುದು ನಿಷಿದ್ಧ. ನಿಗದಿಯಾದ ಅಂತರವನ್ನು ಮೀರಿ ಹತ್ತಿರ ಬಂದವರಿಗೆ ದಂಡನೆಯುಂಟು. ರಸ್ತೆ ಪಂದ್ಯದಲ್ಲಾದರೋ ಅದೇ ಕಲೆಯ ತಿರುಳು. ಒಂದು ಆಟದ ಅಪರಾಧ ಇನ್ನೊಂದು ಆಟದ ವಿದ್ಯೆಯಾಗಿದೆ!

ಈ ಒಂದು ಭೇದದಿಂದ ಆಟದ ಸ್ವಭಾವವೇ ಬದಲಾಗುತ್ತದೆ. ಗುಂಪಿನ ಮುಂದೆ ಸದಾ ಒಬ್ಬನೇ ಇದ್ದರೆ ಅವನು ಬೇಗ ಸೋಲುತ್ತಾನೆ. ಆದುದರಿಂದ ಸವಾರರು ಸರದಿಯಂತೆ ಮುಂದೆ ಬಂದು ಗಾಳಿಯನ್ನು ಎದುರಿಸಿ, ಮತ್ತೆ ಹಿಂದೆ ಸರಿದು ದಣಿವಾರಿಸಿಕೊಳ್ಳುತ್ತಾರೆ. ಗಾಳಿ ಮಗ್ಗುಲಿನಿಂದ ಬೀಸಿದರೆ ಹಕ್ಕಿಗಳ ಹಿಂಡಿನಂತೆ ಓರೆಯಾಗಿ ಸಾಲುಗಟ್ಟುತ್ತಾರೆ. ಕೆಲವರು ಗುಂಪನ್ನು ಬಿಟ್ಟು ಮುಂದೆ ಓಡಿದಾಗ, ಎದುರಾಳಿಗಳಾಗಿದ್ದರೂ ತಮ್ಮತಮ್ಮಲ್ಲಿ ಸರದಿ ಹಂಚಿಕೊಂಡು ಸಾಗುತ್ತಾರೆ; ಇಲ್ಲವಾದರೆ ಹಿಂದಿನ ದೊಡ್ಡ ಗುಂಪು ಅವರನ್ನು ನುಂಗಿಬಿಡುತ್ತದೆ. ಗೆರೆ ಹತ್ತಿರವಾದಂತೆ ಇದೇ ಜೊತೆಗಾರರು ಮತ್ತೆ ಎದುರಾಳಿಗಳಾಗುತ್ತಾರೆ. ಯಾವಾಗ ಕೂಡಬೇಕು, ಯಾವಾಗ ಬೇರೆಯಾಗಬೇಕು, ಯಾರ ಬೆನ್ನು ಹಿಡಿಯಬೇಕು, ಯಾರನ್ನು ಹೋಗಲು ಬಿಡಬೇಕು ಎಂಬುದನ್ನು ಕ್ಷಣಕ್ಷಣಕ್ಕೂ ತೂಗಿ ನೋಡಬೇಕಾಗುತ್ತದೆ. ಅತ್ಯಂತ ಬಲಶಾಲಿಯಾದವನು ಸೋಲುವುದೂ, ಅವನಷ್ಟು ಬಲವಿಲ್ಲದ ಚತುರನು ಗೆಲ್ಲುವುದೂ ಈ ಪಂದ್ಯದಲ್ಲಿ ಸಾಮಾನ್ಯ.

ಇನ್ನೂ ಹಿರಿದಾದ ಸಂಗತಿಯೊಂದಿದೆ. ದೊಡ್ಡ ಪಂದ್ಯಗಳಲ್ಲಿ ಸವಾರರು ತಂಡ ಕಟ್ಟಿಕೊಂಡು ಬರುತ್ತಾರೆ. ತಂಡದ ಒಬ್ಬನ ಗೆಲುವಿಗಾಗಿ ಉಳಿದವರು ದುಡಿಯುತ್ತಾರೆ. ನಾಯಕನಿಗೆ ಗಾಳಿ ತಾಕದಂತೆ ಮುಂದೆ ನಿಲ್ಲುವುದು, ನೀರಿನ ಬಾಟಲಿಗಳನ್ನು ತಂದುಕೊಡುವುದು, ಅವನ ಚಕ್ರ ಕೆಟ್ಟರೆ ತನ್ನದನ್ನೇ ಬಿಚ್ಚಿಕೊಡುವುದು ಅವರ ಕೆಲಸ. ಫ್ರೆಂಚ್ ಭಾಷೆಯಲ್ಲಿ ಅಂತಹವರನ್ನು 'ಮನೆಯಾಳು' ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ಹೆಸರು ಕೀಳಾಗಿ ಕೇಳಿಸಬಹುದು; ಕೆಲಸ ಕೀಳಲ್ಲ. 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್ ಎಂಬ ಮಹಾಪಂದ್ಯವನ್ನು ಐದು ಸಲ ಗೆದ್ದ ಮರ್ಕ್ಸ್ ಅವರ ಹಿಂದೆಯೂ ಇಂತಹ ಜೊತೆಗಾರರ ಬೆವರಿದ್ದಿತು. ಮುಯ್ಯಾಳಿನ ಪದ್ಧತಿಯನ್ನು ಬಲ್ಲ ಹಳ್ಳಿಗರಿಗೆ ಇದು ಹೊಸತೆಂದು ತೋರದು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಒಪ್ಪಂದದ ಮೇಲೆ ಒಕ್ಕಲುತನ ಎಷ್ಟೋ ತಲೆಮಾರುಗಳನ್ನು ಕಳೆದಿದೆ. ಮೂರು ವಿದ್ಯೆಗಳಿಂದ ಒಂದು ವಿದ್ಯೆಗೆ ಬರುವ ತರುಣ ಒಂಟಿ ದುಡಿಮೆಯಿಂದ ಮುಯ್ಯಿಯ ದುಡಿಮೆಗೆ ಬರುತ್ತಾನೆ. ಬಲ ಅವನಲ್ಲಿ ಆಗಲೇ ಇದೆ. ಅವನು ಹೊಸದಾಗಿ ಕಲಿಯಬೇಕಾದುದು ಇತರರೊಡನೆ ಸಾಗುವ ವಿದ್ಯೆ.

ಆ ವಿದ್ಯೆ ಸುಲಭದ್ದೇನೂ ಅಲ್ಲ. ಅಮೆರಿಕದ ಟೇಲರ್ ನಿಬ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್‌ನಲ್ಲಿಯೂ ಸೈಕಲ್ ಟೈಮ್ ಟ್ರಯಲ್‌ನಲ್ಲಿಯೂ ಸ್ಪರ್ಧಿಸಿದರು. ಮಳೆಯಿಂದ ನೆನೆದ ರಸ್ತೆಯಲ್ಲಿ ಆಕೆ ಹಲವು ಬಾರಿ ಜಾರಿ ಬಿದ್ದರು. ಆದರೂ ಎದ್ದು ಪಂದ್ಯವನ್ನು ಮುಗಿಸಿದರು. ಒಂಟಿಯಾಗಿ ಸಾಗುವಾಗಲೇ ಹೀಗಾದರೆ, ಮೊಣಕೈಗೆ ಮೊಣಕೈ ತಾಗುವ ಗುಂಪಿನ ನಡುವೆ ತಿರುವುಗಳನ್ನು ದಾಟುವುದು ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ಟ್ರಯಥ್ಲಾನ್ ಪಟುವಿನ ಸೈಕಲ್ಲಿಗೆ ಮುಂಗೈಗಳನ್ನು ಚಾಚಿ ಊರಲು ಉದ್ದನೆಯ ಹಿಡಿಗಳಿರುತ್ತವೆ. ಬ್ರೇಕಿನಿಂದ ಕೈ ದೂರವಾಗುವುದರಿಂದ ಗುಂಪಿನ ಪಂದ್ಯದಲ್ಲಿ ಅವುಗಳಿಗೆ ಅವಕಾಶವಿಲ್ಲ. ಕುಳಿತುಕೊಳ್ಳುವ ಭಂಗಿ ಬೇರೆ, ತುಳಿತದ ಲಯ ಬೇರೆ. ಒಂದೇ ಸಮನೆ ದುಡಿಯಲು ರೂಢಿಯಾದ ದೇಹ ಇಲ್ಲಿ ಹಠಾತ್ತನೆ ಚಿಮ್ಮಬೇಕು, ಮರುಕ್ಷಣ ಸುಧಾರಿಸಿಕೊಳ್ಳಬೇಕು, ಮತ್ತೆ ಚಿಮ್ಮಬೇಕು. ನಿಪ್ಪಾಣಿಯ ಬಳಿಯ ಸ್ತವನಿಧಿ ಘಟ್ಟವನ್ನು ಏರುವುದಕ್ಕೆ ಎದೆಯ ಬಲ ಸಾಕು. ಅಂತಹ ಘಟ್ಟವನ್ನು ಇಳಿಯುವುದಕ್ಕೆ ಕಣ್ಣು, ಕೈ, ಧೈರ್ಯ ಮೂರೂ ಬೇಕು. ಇವನ್ನು ಕಲಿಸುವ ಗುರು ಬೇಕು. ಜೊತೆಗೆ ಕಲಿಯುವ ಗೆಳೆಯರೂ ಬೇಕು.

ಚಿಕ್ಕೋಡಿ ಸೀಮೆಯ ಕೊರತೆ ಇರುವುದು ಇಲ್ಲಿಯೇ. ಸೈಕಲ್ ಶರ್ಯತ್ತು ಈ ಭಾಗದ ಜನರಿಗೆ ಹೊಸತಲ್ಲ. ಎತ್ತಿನ ಗಾಡಿ, ಕುದುರೆಗಳ ಶರ್ಯತ್ತುಗಳಂತೆ ಸೈಕಲ್ ಶರ್ಯತ್ತೂ ಊರ ಜಾತ್ರೆ ಉರುಸುಗಳ ಒಂದು ಅಂಗವಾಗಿ ನಡೆಯುತ್ತ ಬಂದಿದೆ. ಡೊಳ್ಳಿನ ದನಿ, ರಸ್ತೆಯ ಎರಡು ಬದಿಯ ಜನಸಂದಣಿ, ಗೆದ್ದವನಿಗೆ ಹಾಕುವ ಹಾರ, ಕೊಡುವ ನಗದು ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಬಹುಮಾನವೆಲ್ಲ ಮೊದಲು ಬಂದ ಒಬ್ಬೊಬ್ಬರಿಗೇ ಸಲ್ಲುವುದರಿಂದ, ಪ್ರತಿಯೊಬ್ಬ ಹುಡುಗನೂ ತನ್ನ ಪಾಡಿಗೆ ತಾನು ತುಳಿಯುತ್ತಾನೆ. ಹೊರಟ ಕ್ಷಣದಿಂದಲೇ ಪ್ರಾಣ ಕಟ್ಟಿ ತುಳಿದು ಅರ್ಧ ದಾರಿಯಲ್ಲಿ ಸೋಲುತ್ತಾನೆ. ಅವನ ಸೈಕಲ್ ಬಿಟ್ಟರೆ ಮತ್ತೇನೂ ಪಂದ್ಯಕ್ಕೆ ಅಣಿಯಾಗಿರುವುದಿಲ್ಲ. ತಲೆಗೆ ಹೆಲ್ಮೆಟ್ ಇರುವುದು ಅಪರೂಪ. ಎದುರಿನಿಂದ ಬರುವ ಬಂಡಿಗಳನ್ನು ತಡೆಯುವವರೂ ಅಪರೂಪ. ಮರುದಿನದಿಂದ ಮುಂದಿನ ಜಾತ್ರೆಯವರೆಗೆ ಅವನನ್ನು ಕೇಳುವವರಿಲ್ಲ. ಹೀಗೆ ಒಳ್ಳೆಯ ಬಿತ್ತನೆಯ ಬೀಜ ಪ್ರತಿ ವರ್ಷವೂ ಬಂಡೆಯ ಮೇಲೆ ಬೀಳುತ್ತಿದೆ.

ಸಮೀಪದ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಈ ವಿಷಯದಲ್ಲಿ ಮೇಲ್ಪಂಕ್ತಿಯಾಗಿವೆ. ಅಲ್ಲಿಯ ಮಣ್ಣೂ ಬಿಸಿಲೂ ಅಥಣಿಯ ಮಣ್ಣು ಬಿಸಿಲಿಗಿಂತ ಬಹಳ ಬೇರೆಯವೇನೂ ಅಲ್ಲ. ಆದರೂ ಕರ್ನಾಟಕದ ಸೈಕಲ್ ಪಟುಗಳೆಂದೊಡನೆ ಜನರಿಗೆ ನೆನಪಾಗುವುದು ಆ ಜಿಲ್ಲೆಗಳು. ವಿಜಯಪುರದಲ್ಲಿ ಸರ್ಕಾರದ ಕ್ರೀಡಾನಿಲಯದಲ್ಲಿ ಸೈಕ್ಲಿಂಗ್ ಕಲಿಸುವ ವ್ಯವಸ್ಥೆ ಬೆಳೆಯಿತು. ಒಕ್ಕಲು ಮನೆತನದ ಹುಡುಗ ಹುಡುಗಿಯರು ಅಲ್ಲಿ ಊಟ, ವಸತಿ, ಶಿಕ್ಷಣಗಳೊಡನೆ ಗುಂಪಿನಲ್ಲಿ ಸಾಗುವ ಕಲೆಯನ್ನೂ ಕಲಿತರು. ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಪದಕಗಳನ್ನು ಗೆದ್ದು ತಂದರು. ಕಿರಿಯರಿಗೆ ಹಿರಿಯರು ಮಾದರಿಯಾದರು. ಒಂದು ಕ್ರೀಡೆ ಒಂದು ನೆಲದಲ್ಲಿ ಬೇರೂರುವುದು ಹೀಗೆ. ಒಬ್ಬ ವೀರನಿಂದ ಅದು ಆಗದು. ಒಂದು ಪರಂಪರೆ ಬೇಕು.

ತಡವಾಗಿ ಬಂದವರಿಗೂ ಈ ಹಾದಿ ಮುಚ್ಚಿಲ್ಲವೆಂಬುದಕ್ಕೆ ಬೆಂಗಳೂರಿನ ನವೀನ್ ಜಾನ್ ಸಾಕ್ಷಿ. ಅಮೆರಿಕದಲ್ಲಿ ಇಂಜಿನಿಯರಿಂಗ್ ಓದುವಾಗ ಅವರು ಸೈಕಲ್ ಪಂದ್ಯಕ್ಕೆ ಬಂದರು. ತಾಯ್ನಾಡಿಗೆ ಮರಳಿ ಟೈಮ್ ಟ್ರಯಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. 2016ರಲ್ಲಿ ದೋಹಾದಲ್ಲಿ ನಡೆದ ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್‌ನ ಟೈಮ್ ಟ್ರಯಲ್‌ನಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದರು. ಗುಂಪಿನ ಪಂದ್ಯದ ಮರ್ಮವನ್ನು ಅರಿಯಲು ಬೆಲ್ಜಿಯಂ ದೇಶಕ್ಕೂ ಹೋಗಿ ಸೆಣಸಿದರು. ಅಲ್ಲಿ ಹಳ್ಳಿಹಳ್ಳಿಯಲ್ಲಿಯೂ ಊರಹಬ್ಬದ ದಿನ ಊರ ಸುತ್ತಲೇ ಸೈಕಲ್ ಪಂದ್ಯಗಳು ನಡೆಯುತ್ತವೆ. ಮರ್ಕ್ಸ್ ಅವರ ನಾಡಿನ ಊರಹಬ್ಬಕ್ಕೂ ರಾಯಬಾಗ ತಾಲ್ಲೂಕಿನ ಊರ ಜಾತ್ರೆಗೂ ಇರುವ ಹೋಲಿಕೆ ಅಚ್ಚರಿಯದು. ಎರಡೆಡೆಯೂ ಜನರ ಉತ್ಸಾಹ ಒಂದೇ; ಕಲಿಕೆಯ ವ್ಯವಸ್ಥೆ ಮಾತ್ರ ಅಲ್ಲಿ ಉಂಟು, ಇಲ್ಲಿ ಇಲ್ಲ.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಪಂದ್ಯದ ಸೈಕಲ್ಲಿಗೆ ಬಹಳ ಬೆಲೆ. ಬಡವನ ಮಗನಿಗೆ ಇದು ಎಟುಕುವ ಆಟವೆ ಎಂಬುದು ಮೊದಲನೆಯದು. ಮಾತು ನಿಜ. ಆದರೆ ಟ್ರಯಥ್ಲಾನ್‌ನ ಖರ್ಚು ಅದಕ್ಕಿಂತ ಕಡಿಮೆಯದಲ್ಲ. ಅಲ್ಲಿ ಸೈಕಲ್ಲೂ ಬೇಕು, ಈಜುಕೊಳವೂ ಬೇಕು. ಒಬ್ಬನಿಂದ ಆಗದುದು ಹತ್ತು ಜನರಿಂದ ಆಗುತ್ತದೆ. ಕಬ್ಬು ಬೆಳೆಯುವವರು ಕೂಡಿ ಸಹಕಾರಿ ಸಕ್ಕರೆ ಕಾರ್ಖಾನೆಗಳನ್ನು ಕಟ್ಟಿದ ಸೀಮೆ ಇದು. ಹತ್ತು ಸೈಕಲ್ಲುಗಳ ಒಂದು ಸಂಘವನ್ನು ಕಟ್ಟುವುದು ಅದಕ್ಕೆ ಅಸಾಧ್ಯವೆ? ಆಟದಿಂದ ಹೊಟ್ಟೆ ತುಂಬುವುದೆ ಎಂಬುದು ಎರಡನೆಯ ಆಕ್ಷೇಪ. ಎಲ್ಲರಿಗೂ ತುಂಬದು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಅದಕ್ಕಾಗಿಯೇ ಓದನ್ನು ಬಿಟ್ಟು ಆಟವನ್ನು ಹಿಡಿಯುವುದು ಸಲ್ಲದು. ಎರಡನ್ನು ಬಿಟ್ಟು ಒಂದನ್ನು ಹಿಡಿಯಬೇಕೆಂಬ ಮಾತು ಆಟಗಳ ನಡುವೆ ಮಾತ್ರ ಸಲ್ಲತಕ್ಕದ್ದು.

ಮೂರನೆಯದು ಅಪಾಯದ ಭಯ. ಅದು ಎಲ್ಲಕ್ಕಿಂತ ಗಂಭೀರವಾದುದು. ಕಬ್ಬಿನ ಹಂಗಾಮು ಬಂದಿತೆಂದರೆ ಈ ತಾಲ್ಲೂಕುಗಳ ರಸ್ತೆಗಳಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳ ಸಾಲು ಕೊನೆಗಾಣುವುದಿಲ್ಲ. ಎಷ್ಟೋ ಟ್ರೇಲರುಗಳ ಹಿಂದೆ ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇರುವುದಿಲ್ಲ. ನಿಪ್ಪಾಣಿಯ ಮಗ್ಗುಲಲ್ಲಿಯೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ ಸೈಕಲ್ಲಿಗೆ ತಕ್ಕ ಸ್ಥಳವಲ್ಲ. ತಾಯಿ ತಂದೆಯರು ಅಂಜುವುದು ಸಹಜ. ಆದರೆ ಈ ಭಯಕ್ಕೆ ಪರಿಹಾರವಿದೆ. ವಾರಕ್ಕೊಂದು ಮುಂಜಾನೆ, ಎರಡು ತಾಸಿನ ಮಟ್ಟಿಗೆ, ಊರ ಹೊರಗಿನ ಒಂದು ಒಳರಸ್ತೆಯನ್ನು ವಾಹನಗಳಿಗೆ ಮುಚ್ಚಿ ಮಕ್ಕಳಿಗೆ ಬಿಟ್ಟುಕೊಡುವುದು ಪಂಚಾಯಿತಿಗೆ ಹೊರೆಯಾಗದು. ಹೆಲ್ಮೆಟ್ ಇಲ್ಲದವನನ್ನು ಗೆರೆಯ ಮೇಲೆ ನಿಲ್ಲಿಸಕೂಡದೆಂಬ ಕಟ್ಟಳೆಯನ್ನು ಜಾತ್ರೆಯ ಸಮಿತಿ ಮಾಡಬಹುದು. ಮೊದಲು ನಿಮಿಷಕ್ಕೊಬ್ಬರಂತೆ ಬಿಟ್ಟು ಗಡಿಯಾರದಿಂದ ಅಳೆಯುವ ಪಂದ್ಯ ನಡೆಯಲಿ. ಅದಕ್ಕೆ ಬೇಕಾದುದು ಒಂದು ಗಡಿಯಾರ, ಒಂದು ಕಾಗದ. ಅದರಲ್ಲಿ ನುರಿತವರಿಗೆ ನಾಲ್ಕು ನಾಲ್ಕು ಜನರ ತಂಡಗಳ ಪಂದ್ಯವಿರಲಿ. ಬಹುಮಾನ ತಂಡಕ್ಕೆ ಸಲ್ಲಲಿ. ಸರದಿ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಕಲಿತವರು ಕೊನೆಗೆ ಗುಂಪಿನ ಪಂದ್ಯಕ್ಕೆ ಬರಲಿ. ಈ ಮೆಟ್ಟಿಲುಗಳನ್ನು ಹಾರಿ ಹೋಗುವುದರಿಂದಲೇ ಅನಾಹುತಗಳು ಸಂಭವಿಸುತ್ತವೆ.

ಹೆಣ್ಣುಮಕ್ಕಳ ವಿಷಯವನ್ನು ಬಿಟ್ಟು ಈ ಮಾತು ಪೂರ್ಣವಾಗದು. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಕರ್ನಾಟಕ ಸರ್ಕಾರ 2006-07ರಲ್ಲಿ ಆರಂಭಿಸಿದಾಗ, ಹಳ್ಳಿಯ ಸಾವಿರಾರು ಹುಡುಗಿಯರು ಮೊದಲ ಬಾರಿಗೆ ತಮ್ಮದೇ ಆದ ಸೈಕಲ್ಲನ್ನು ಏರಿ ಗುಂಪುಗುಂಪಾಗಿ ಶಾಲೆಗೆ ಹೋದರು. ಗುಂಪಿನ ಸವಾರಿಯ ಮೊದಲ ಪಾಠ ಅವರಿಗೆ ಅಲ್ಲಿಯೇ ಆಯಿತು. ಆದರೆ ಶಾಲೆ ಮುಗಿದೊಡನೆ ಆ ಸೈಕಲ್ ಮನೆಯ ಹಿತ್ತಿಲಿನಲ್ಲಿ ತುಕ್ಕು ಹಿಡಿಯುವುದು ಅಥವಾ ತಮ್ಮನ ಪಾಲಾಗುವುದೇ ಹೆಚ್ಚು. ಪುರುಷರ ರಸ್ತೆ ಪಂದ್ಯ 1896ರ ಮೊದಲ ಒಲಿಂಪಿಕ್ಸ್‌ನಲ್ಲಿಯೇ ಇದ್ದಿತು. ಮಹಿಳೆಯರು ಆ ಗೆರೆಯ ಮೇಲೆ ನಿಲ್ಲಲು 1984ರವರೆಗೆ ಕಾಯಬೇಕಾಯಿತು. ಎಂಬತ್ತೆಂಟು ವರ್ಷಗಳ ಆ ಕಾಯುವಿಕೆಯನ್ನು ಹಳ್ಳಿಗಳು ಮತ್ತೆ ಅನುಭವಿಸಬೇಕಾಗಿಲ್ಲ. ಜಾತ್ರೆಯ ಶರ್ಯತ್ತಿನಲ್ಲಿ ಹುಡುಗಿಯರಿಗೂ ಅಷ್ಟೇ ದೂರ, ಅಷ್ಟೇ ಬಹುಮಾನ ಇರಿಸಿದರೆ ಸಾಕು.

ಒಂದು ಎಚ್ಚರಿಕೆಯ ಮಾತೂ ಅಗತ್ಯ. ಅಮೆರಿಕದವನೇ ಆದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕೂಡ ಹರೆಯದಲ್ಲಿ ಟ್ರಯಥ್ಲಾನ್‌ನಿಂದ ಸೈಕಲ್ ಪಂದ್ಯಕ್ಕೆ ಬಂದವನು. ಕಾಯಿಲೆಯನ್ನು ಗೆದ್ದು ಟೂರ್ ದ ಫ್ರಾನ್ಸನ್ನು ಸತತವಾಗಿ ಏಳು ಬಾರಿ ಗೆದ್ದನೆಂದು ಲೋಕ ಅವನನ್ನು ಕೊಂಡಾಡಿತು. ನಿಷಿದ್ಧ ಮದ್ದುಗಳ ಬಳಕೆ ಸಿದ್ಧವಾಗಿ 2012ರಲ್ಲಿ ಆ ಏಳು ಬಿರುದುಗಳೂ ಕಿತ್ತುಹೋದವು. ಮುಂದಿನ ವರ್ಷ ಅವನೇ ತಪ್ಪೊಪ್ಪಿಕೊಂಡನು. ಒಂದೇ ಹಾದಿಯನ್ನು ಹಿಡಿದು, ಒಂದೇ ದೊರೆಯ ಆಸೆಯನ್ನು ಹೊತ್ತವನಿಗೆ ಇಂತಹ ಪ್ರಲೋಭನೆ ಹತ್ತಿರ. ಒಂದನ್ನು ಆರಿಸಿಕೊಳ್ಳುವುದು ಸರಿ. ಆ ಒಂದಕ್ಕಾಗಿ ಉಳಿದೆಲ್ಲವನ್ನೂ ಮಾರಿಕೊಳ್ಳುವುದು ಸರಿಯಲ್ಲ.

ಬಿಟ್ಟುಬಂದ ವಿದ್ಯೆಗಳು ವ್ಯರ್ಥವಾಗುತ್ತವೆಯೆ? ಎಂದಿಗೂ ಇಲ್ಲ. ಓಟ ಕೊಟ್ಟ ಎದೆಗಾರಿಕೆ ಘಟ್ಟದ ಏರಿನಲ್ಲಿ ನೆರವಾಗುತ್ತದೆ. ಈಜು ಕಲಿಸಿದ ಉಸಿರಿನ ಹದ ಕೊನೆಯ ಫರ್ಲಾಂಗಿನಲ್ಲಿ ಒದಗುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ದಡ ಮೀರಿ ಹರಿದು ಈ ತಾಲ್ಲೂಕುಗಳ ಎಷ್ಟೋ ಊರುಗಳು ನೀರಿನ ನಡುವೆ ನಿಂತಾಗ, ಈಜು ಬಲ್ಲುದೊಂದು ಎಂತಹ ಸಂಪತ್ತು ಎಂಬುದು ಎಲ್ಲರ ಅರಿವಿಗೆ ಬಂದಿತು. ಪಂದ್ಯದ ಪಟ್ಟಿಯಿಂದ ಈಜನ್ನು ಅಳಿಸಬಹುದು. ಬಾಳಿನ ಪಟ್ಟಿಯಿಂದ ಅಳಿಸಲಾಗದು.

ಮೂರರಿಂದ ಒಂದಕ್ಕೆ ಬರುವುದು ಸೋಲೆಂದು ತಿಳಿಯುವವರು ಎಣಿಕೆಯನ್ನು ಮಾತ್ರ ನೋಡುತ್ತಾರೆ. ಒಂಟಿಯಾಗಿ ಮೂರು ಕೆಲಸಗಳನ್ನು ಮಾಡಬಲ್ಲವನು ಬಲಶಾಲಿ, ನಿಜ. ಒಂದು ಕೆಲಸವನ್ನು ಹಲವರೊಡನೆ ಕೂಡಿ ಮಾಡಬಲ್ಲವನು, ತನ್ನ ಸರದಿ ಬಂದಾಗ ಮುಂದೆ ನಿಂತು ಗಾಳಿಯನ್ನು ಎದೆಗೊಟ್ಟು, ಸರದಿ ಮುಗಿದಾಗ ಮನಸ್ಸಿನಲ್ಲಿ ಕಹಿಯಿಲ್ಲದೆ ಹಿಂದೆ ಸರಿಯಬಲ್ಲವನು ಇನ್ನೂ ಹಿರಿಯನು. ಆ ಹಿರಿಮೆಯನ್ನು ಕಲಿಸುವ ಹೊಣೆ ಸವಾರನೊಬ್ಬನದಲ್ಲ. ಅವನ ಊರಿನದು, ಅವನ ಶಾಲೆಯದು, ಅವನ ಸೀಮೆಯದು. ಕೃಷ್ಣೆಯ ದಂಡೆಯಲ್ಲಿ ಬಲವುಳ್ಳ ಕಾಲುಗಳಿಗೆ ಬರವಿಲ್ಲ. ಅವುಗಳಿಗೆ ಒಂದು ಸುರಕ್ಷಿತವಾದ ರಸ್ತೆ, ಒಬ್ಬ ಅರಿತ ಗುರು, ನಾಲ್ಕು ಜನ ಜೊತೆಗಾರರು ದೊರೆಯಬೇಕು. ಇಷ್ಟು ದೊರೆತರೆ ಉಳಿದ ದೂರವನ್ನು ಆ ಮಕ್ಕಳು ತಾವೇ ತುಳಿದಾರು.